ಹೊಳೆಯಾಚೆಯ ನರ್ಸಮ್ಮ



"ಅಮ್ಮಾ, ಇಷ್ಟೇನಾ?" ಎಂದು ಕೇಳಿದಳು ನನ್ನ ಮಗಳು.

2025ರ ನವೆಂಬರ್ ತಿಂಗಳು. ಪುಣೆಯಿಂದ ಹೊರಟು ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ, ಶಿರಸಿ, ಸಿದ್ದಾಪುರ, ತಾಳಗುಪ್ಪ ದಾಟಿ ಸಾಗರಕ್ಕೆ ಬಂದು, ಅಲ್ಲಿಂದ ಮುಂದೆ ಹೊರಟಿದ್ದೆವು. ಕಾರು ಅವಳದೇ, ಓಡಿಸುತ್ತಿದ್ದವಳೂ ಅವಳೇ. ಅಂಬಾರಗೋಡ್ಲುವಿನಲ್ಲಿ ಹೊಸ ಸೇತುವೆ ಹತ್ತಿದ ನಾವು, ಎರಡೂ ಕಡೆಯ ನೀರನ್ನು ಕಣ್ತುಂಬ ನೋಡುವುದರೊಳಗೆ ಆಚೆ ದಡದ ಕಳಸವಳ್ಳಿಯಲ್ಲಿ ಇಳಿದಾಗಿತ್ತು. ಐದು ನಿಮಿಷವೂ ಆಗಿರಲಿಲ್ಲ. ಹೊಳೆ ದಾಟುವ ಕಷ್ಟದ ಕಥೆಗಳನ್ನು ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಕೇಳಿದ್ದವಳಿಗೆ ನಿರಾಸೆಯಾಗಿರಬೇಕು. "ಇಷ್ಟು ದೂರಕ್ಕೆ ನೀವೆಲ್ಲ ಅಷ್ಟೊಂದು ಕಷ್ಟಪಡ್ತಿದ್ರಾ?" ಎಂದಳು.

ನಾನು ಉತ್ತರ ಕೊಡಲಿಲ್ಲ. ನಾವು ಹೋಗುತ್ತಿದ್ದುದು ನನ್ನ ಚಿಕ್ಕಮ್ಮನ ವರ್ಷಾಂತಿಕಕ್ಕೆ. ಎಂಬತ್ತು ವರ್ಷ ಬದುಕಿ 2024ರಲ್ಲಿ ತೀರಿಕೊಂಡವಳು. ಸೇತುವೆಯ ಕಂಬಗಳು ಏಳುವುದನ್ನು ನೋಡಿದ್ದಳು. ಅದರ ಮೇಲೆ ಹೋಗುವ ಯೋಗ ಮಾತ್ರ ಇರಲಿಲ್ಲ.

ಮಗಳಿಗೆ ಆಗ ಹೇಳದೆ ಉಳಿದದ್ದನ್ನು ಈಗ ಅವಳಿಗೂ ಅವಳ ಓರಗೆಯವರಾದ ನಿಮಗೂ ಸೇರಿಸಿ ಹೇಳುತ್ತಿದ್ದೇನೆ. ನಿಮ್ಮಲ್ಲಿ ಹಲವರು ರಜೆಯಲ್ಲಿ ಜೋಗ ನೋಡಿ, ಸಿಗಂದೂರು ಚೌಡೇಶ್ವರಿಗೆ ಕೈಮುಗಿದು, ಲಾಂಚಿನಲ್ಲಿ ಫೋಟೋ ತೆಗೆಸಿಕೊಂಡು ಬಂದವರೇ. ಆ ನೀರು ಚೆಂದ ಎಂದು ನಿಮಗೆ ಗೊತ್ತು. ಅದು ಎಷ್ಟು ಅಗಲ ಎಂಬುದು ಗೊತ್ತಾಗಬೇಕಾದರೆ ಅದನ್ನು ರಾತ್ರಿ ಹೊತ್ತು, ಜೀವ ಕೈಯಲ್ಲಿ ಹಿಡಿದು ದಾಟಿದವರನ್ನು ಕೇಳಬೇಕು.

ಮೊದಲು ಊರಿನ ಮಾತು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಎಷ್ಟೋ ಊರು, ಗದ್ದೆ, ತೋಟ, ದೇವಸ್ಥಾನಗಳು ಮುಳುಗಿದವು. ಮುಳುಗಿದವರ ಕಥೆ ಒಂದು. ಮುಳುಗದೆ ಉಳಿದವರದು ಇನ್ನೊಂದು. ಕರೂರು, ಬಾರಂಗಿ ಹೋಬಳಿಗಳ ಜನ ಇದ್ದಲ್ಲೇ ಇದ್ದು ದ್ವೀಪದವರಾದರು. ಸಾಗರದ ಸಂತೆ, ಆಸ್ಪತ್ರೆ, ಕೋರ್ಟು, ಕಾಲೇಜು ಎಲ್ಲವೂ ನೀರಿನ ಆಚೆಗೆ. ಕಾರ್ಗಲ್, ಕೋಗಾರಿನ ಮೇಲೆ ಸುತ್ತಿ ಬರುವ ಕಾಡುದಾರಿ ಒಂದಿದೆ, ಆದರೆ ಅವಸರಕ್ಕೆ ಒದಗುವಂಥದ್ದಲ್ಲ. ಉಳಿದದ್ದು ದೋಣಿ, ಆಮೇಲೆ ಲಾಂಚು. ಲಾಂಚು ಹಗಲಿನ ಸವಾರಿಯಾಗಿತ್ತು, ಕತ್ತಲಾದ ಮೇಲೆ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಅದಕ್ಕೆ ಬಸ್ಸು, ಕಾರು ಹತ್ತಿಸುವಂತಿರಲಿಲ್ಲ. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ನೀರಿನ ದಡದಲ್ಲೇ, ನನ್ನ ಬಾಲ್ಯದಲ್ಲಿ, ಚಿಕ್ಕಮ್ಮನ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಅರುವತ್ತು ವರ್ಷ ಹೀಗೆ ಕಳೆದ ಮೇಲೆ 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಉದ್ದ ಸುಮಾರು ಎರಡೂವರೆ ಕಿಲೋಮೀಟರು.

ಇಂಥ ಊರಿಗೆ ಚಿಕ್ಕಮ್ಮ ಬಂದದ್ದು ಸರ್ಕಾರದ ಆರ್ಡರು ಹಿಡಿದುಕೊಂಡು. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಎ.ಎನ್.ಎಂ. ತರಬೇತಿ ಮುಗಿಸಿ 1966ರಲ್ಲಿ ನೌಕರಿಗೆ ಸೇರಿದಳು. ಆಗ ವಯಸ್ಸು ಇಪ್ಪತ್ತೆರಡು. ಹೊಳೆಯಾಚೆಯ ಪೋಸ್ಟಿಂಗ್ ಎಂದರೆ ಎಲ್ಲರೂ ರಜೆ ಹಾಕುವವರೇ. ಇವಳು ಹೋದಳು. ಎರಡು ವರ್ಷದಲ್ಲಿ ಅದೇ ಊರಿನ ಅಡಿಕೆ ತೋಟದ ಮನೆಯಿಂದ ಸಂಬಂಧ ಬಂತು. "ಹುಡುಗಿಗೆ ನೌಕರಿ ಇತ್ತು, ನಮ್ಮ ತೋಟಕ್ಕೆ ಸಾಲ ಇತ್ತು, ಜಾತಕ ಚೆನ್ನಾಗಿ ಕೂಡಿತು" ಎಂದು ಚಿಕ್ಕಪ್ಪ ಈಗಲೂ ನಗುತ್ತಾರೆ. ನಗೆಯಲ್ಲಿ ಸುಳ್ಳಿಲ್ಲ. ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷಗಳಲ್ಲಿ ಸೊಸೈಟಿಯ ಕಂತು ಕಟ್ಟಿದ್ದು ಅವಳ ಸಂಬಳ.

ರಜೆಯಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಅವಳ ದಿನಚರಿ ಹೇಳುತ್ತೇನೆ, ಕೇಳಿ. ನಾಲ್ಕೂವರೆಗೆ ಎದ್ದು ಕೊಟ್ಟಿಗೆ, ಹಾಲು ಕರೆಯುವುದು, ದೋಸೆ, ತೋಟದ ಆಳುಗಳಿಗೆ ತಿಂಡಿ. ಎಂಟೂವರೆಗೆ ಹೆಗಲಿಗೆ ಬ್ಯಾಗು. ಅದರಲ್ಲಿ ಕುದಿಸಿದ ಗಾಜಿನ ಸಿರಿಂಜಿನ ಸ್ಟೀಲ್ ಡಬ್ಬಿ, ಬ್ಲೇಡು, ದಾರ, ಡೆಟ್ಟಾಲು, ಕಬ್ಬಿಣಾಂಶದ ಮಾತ್ರೆ, ಮಗು ತೂಗುವ ತಕ್ಕಡಿ. ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂದು ಸರ್ಕಾರದ ಲೆಕ್ಕ. ಕಾಗದದ ಮೇಲೆ ಅದು ದೊಡ್ಡದಲ್ಲ. ಆದರೆ ನಮ್ಮ ಮಲೆನಾಡಿನ ಮನೆಗಳು ವಾಡೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಇರುವುದಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು, ಇಂಬಳಕ್ಕೆ ಕಾಲಿಗೆ ಸುಣ್ಣ ತಂಬಾಕು ಬಳಿದುಕೊಂಡು ನಡೆಯುತ್ತಿದ್ದಳು.

ಸಂಜೆ ಬಂದರೆ ತೋಟದ ಕೆಲಸ ಕಾದಿರುತ್ತಿತ್ತು. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು. ಎಲ್ಲರೂ ಮಲಗಿದ ಮೇಲೆ ಅಡಿಕೆಯ ಚೊಗರಿನಿಂದ ಕಪ್ಪಾದ ಬೆರಳುಗಳಲ್ಲಿ ಪೆನ್ನು ಹಿಡಿದು ರಿಜಿಸ್ಟರು ಬರೆಯುವುದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅಳೆಯುವವಳು ಅವಳೇ. "ಔಷಧಿ ಅಳತೆ ನಿನಗೇ ಗೊತ್ತು" ಎಂದು ಚಿಕ್ಕಪ್ಪ ಜಾರಿಕೊಳ್ಳುತ್ತಿದ್ದರು.

ಇನ್ನೊಂದು ಸಂಗತಿ ಮುಚ್ಚಿಡದೆ ಹೇಳಬೇಕು. ಹೆರಿಗೆ ಮಾಡಿಸಿ ಬಂದವಳು ನೇರವಾಗಿ ಒಳಗೆ ಕಾಲಿಡುವಂತಿರಲಿಲ್ಲ. ಮೈಲಿಗೆ. ಹಿಂದಿನಿಂದ ಬಂದು, ಬಚ್ಚಲಲ್ಲಿ ತಲೆಯಿಂದ ಮಿಂದು, ಅಲ್ಲೇ ಗಳದ ಮೇಲಿದ್ದ ಬೇರೆ ಸೀರೆ ಉಟ್ಟು ಒಳಗೆ ಬರಬೇಕು. ಯಾವ ಜಾತಿಯ ಮನೆಗೆ ಹೋಗಿದ್ದೆ ಎಂಬ ಪ್ರಶ್ನೆಯೂ ಬರುತ್ತಿತ್ತು. ಅವಳ ಅತ್ತೆ ಈ ವಿಷಯದಲ್ಲಿ ಕೊನೆಯವರೆಗೂ ಬದಲಾಗಲಿಲ್ಲ. ಆದರೆ ಚಿಕ್ಕಮ್ಮ ರಾತ್ರಿ ಹೊರಗೆ ಹೋದ ದಿನ ಆ ಅಜ್ಜಿ ಬಚ್ಚಲೊಲೆಯ ಬೆಂಕಿ ಆರಲು ಬಿಡುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಬಂದರೂ ಹಂಡೆಯಲ್ಲಿ ಬಿಸಿನೀರು ಇರುತ್ತಿತ್ತು. ನಮ್ಮ ಹಿರಿಯರನ್ನು ಪೂರ್ತಿ ಒಪ್ಪುವುದೂ ಕಷ್ಟ, ಪೂರ್ತಿ ಬೈಯುವುದೂ ಕಷ್ಟ!

ಅವಳು ಹೋದ ಹೊಸದರಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಊರಿನ ಸೂಲಗಿತ್ತಿಯರು. ನೀವು ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿರಬಹುದು. ಪಾವಗಡ ತಾಲ್ಲೂಕಿನವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈಗುಣದವರು ಹಿಂದೆ ಎಲ್ಲ ಊರಿನಲ್ಲೂ ಇದ್ದರು. ಆದರೆ ಹೊಕ್ಕುಳಬಳ್ಳಿ ಕೊಯ್ಯಲು ಸಿಕ್ಕ ಕತ್ತಿ, ಗಾಯಕ್ಕೆ ಸಗಣಿ ಅಥವಾ ಬೂದಿ ಹಚ್ಚುವ ರೂಢಿಯೂ ಹಲವು ಕಡೆ ಇತ್ತು. ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಚೆನ್ನಾಗಿ ಹುಟ್ಟಿದ ಮಗು ವಾರದೊಳಗೆ ಹಾಲು ಕುಡಿಯುವುದು ಬಿಟ್ಟು, ಬಿಲ್ಲಿನಂತೆ ಸೆಟೆದು ಸಾಯುತ್ತಿತ್ತು. ಗ್ರಹಬಾಧೆ ಎನ್ನುತ್ತಿದ್ದರು. ಚಿಕ್ಕಮ್ಮ ಸೂಲಗಿತ್ತಿಯರ ಜೊತೆ ಜಗಳಕ್ಕೆ ನಿಲ್ಲಲಿಲ್ಲ. "ಕೈ ನಿಂದೇ ಇರಲಿ ಮಾರಾಯ್ತಿ, ಬ್ಲೇಡು ಮಾತ್ರ ನಂದು" ಎಂದು ಹೊಸ ಬ್ಲೇಡು, ಕುದಿಸಿದ ದಾರ, ಸೋಪು ಕೊಟ್ಟು ಬರುತ್ತಿದ್ದಳು. ಬಸುರಿಯರಿಗೆ ಧನುರ್ವಾಯುವಿನ ಎರಡು ಚುಚ್ಚುಮದ್ದು ತಪ್ಪದೆ ಹಾಕುತ್ತಿದ್ದಳು. ತಾಯಿಯ ರಕ್ತದ ಮೂಲಕ ಅದು ಮಗುವನ್ನೂ ಕಾಯುತ್ತದೆ. ನವಜಾತ ಶಿಶುಗಳ ಧನುರ್ವಾಯು ನಿರ್ಮೂಲವಾಯಿತೆಂದು ಭಾರತ 2015ರಲ್ಲಿ ಘೋಷಿಸಿದಾಗ ಯಾವ ಪೇಪರಿನಲ್ಲೂ ಇಂಥ ನರ್ಸಮ್ಮಂದಿರ ಫೋಟೋ ನನಗೆ ಕಾಣಲಿಲ್ಲ.

ಎಲ್ಲ ಬಾಗಿಲೂ ಅವಳಿಗೆ ಸುಲಭವಾಗಿ ತೆರೆಯಲಿಲ್ಲ. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಕುಟುಂಬ ಯೋಜನೆಯ ಆಪರೇಷನ್ನಿಗೆ ಇಷ್ಟು ಕೇಸು ತರಲೇಬೇಕೆಂಬ ಒತ್ತಡ ಬಂತು. ನರ್ಸಮ್ಮ ಬಂದಳೆಂದರೆ ಜನ ಹಿತ್ತಲ ಬಾಗಿಲಿನಿಂದ ತೋಟಕ್ಕೆ ಓಡುತ್ತಿದ್ದರಂತೆ. "ಹತ್ತು ವರ್ಷ ಕಟ್ಟಿದ ನಂಬಿಕೆ ಹತ್ತು ತಿಂಗಳಲ್ಲಿ ಹೋಯ್ತು. ಮತ್ತೆ ಮೊದಲಿಂದ ಶುರು ಮಾಡಿದೆ" ಎನ್ನುತ್ತಿದ್ದಳು.

ಈಗ ನನ್ನ ಮಾತು. ನಮ್ಮ ಮನೆ ಸಾಗರ ಪೇಟೆಯಲ್ಲಿ. ಜಗಲಿಯ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಅದು ನನ್ನ ಓದುವ ಕೋಣೆ. ವರ್ಷಕ್ಕೆ ನಾಲ್ಕೈದು ಸಲ ಯಾರೋ ಗುರುತಿಲ್ಲದ ತುಂಬು ಬಸುರಿ, ಜೊತೆಗೆ ಅವಳ ತಾಯಿಯೋ ಅತ್ತೆಯೋ, ಚಿಕ್ಕಮ್ಮನ ಚೀಟಿ ಹಿಡಿದು ಬಂದಿಳಿಯುತ್ತಿದ್ದರು. ಹದಿನೈದು ದಿನವೋ ತಿಂಗಳೋ ಅವರ ಬಿಡಾರ ಆ ಕೋಣೆಯಲ್ಲಿ. ನೋವು ಬಂದಾಗ ಅಪ್ಪ ಗಾಡಿ ಮಾಡಿ ಸರ್ಕಾರಿ ಆಸ್ಪತ್ರೆಗೆ ಸೇರಿಸುತ್ತಿದ್ದರು. ನನಗೆ ಕೋಪ. ಪರೀಕ್ಷೆ ಹತ್ತಿರ ಬಂದರೂ ನನ್ನ ಪುಸ್ತಕಗಳು ಅಡುಗೆಮನೆಯ ಮೂಲೆಗೆ. "ಚಿಕ್ಕಮ್ಮನಿಗೆ ನಮ್ಮ ಮನೆ ಛತ್ರವಾ?" ಎಂದು ಅಮ್ಮನ ಹತ್ತಿರ ಜಗಳ ಮಾಡಿದ್ದೆ. ಅಮ್ಮ "ಅವಳು ಕಳಿಸಿದ್ದಾಳೆ ಎಂದರೆ ಕಾರಣ ಇರುತ್ತದೆ" ಎಂದಷ್ಟೇ ಹೇಳಿದ್ದರು.

ನಾನು ಇಂಗ್ಲಿಷ್ ಬಿ.ಎ. ಓದುತ್ತಿದ್ದೆ. ಕ್ರಿಮಿಯಾ ಯುದ್ಧದಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಓದಿ ಕಣ್ಣು ಒದ್ದೆ ಮಾಡಿಕೊಂಡವಳು ನಾನು. ಅದೇ ವರ್ಷ, 1988ರಲ್ಲಿ, ಚಿಕ್ಕಮ್ಮ ಮೀಟಿಂಗಿಗೆಂದು ಸಾಗರಕ್ಕೆ ಬಂದಾಗ ಅವಳ ಹುದ್ದೆಯ ಹೆಸರನ್ನು ಬಿಡಿಸಿ ಹೇಳಿದೆ. "ಆಕ್ಸಿಲಿಯರಿ ನರ್ಸ್ ಅಂದರೆ ಪೂರ್ತಿ ನರ್ಸ್ ಅಲ್ಲ ಚಿಕ್ಕಮ್ಮಾ, ಸಹಾಯಕಿ ಅಂತ ಅರ್ಥ" ಎಂದೆ. ಓದಿದವಳೆಂಬ ಹೆಮ್ಮೆ! ಚಿಕ್ಕಮ್ಮ ನಕ್ಕಳು. "ಹೌದು ಕೂಸೇ. ಪೂರ್ತಿಯವರು ಹೊಳೆ ದಾಟಿ ಬರುವವರೆಗೆ ಈ ಅರ್ಧದವಳೇ ಗತಿ" ಎಂದಳು. ಅಡುಗೆಮನೆಯಲ್ಲಿದ್ದ ಅಮ್ಮ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

1992ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. 1994ರ ಜನವರಿ ನನ್ನ ಹೆರಿಗೆಯ ತಿಂಗಳು. ಅಮ್ಮನಿಗೆ ಆರೋಗ್ಯ ಸರಿಯಿರಲಿಲ್ಲ, ಡಾಕ್ಟರು ನನಗೆ ಪ್ರಯಾಣ ಬೇಡ ಎಂದರು. ಹಾಗಾಗಿ ಬಂದವಳು ಚಿಕ್ಕಮ್ಮ. ಅಡಿಕೆ ಕೊಯ್ಲಿನ ಮಧ್ಯದಲ್ಲಿ ಮನೆ ಬಿಟ್ಟು, ಕೂಡಿಟ್ಟ ರಜೆ ಹಾಕಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಒಂದು ಕೈಯಲ್ಲಿ ಬಾಣಂತಿ ಲೇಹ್ಯದ ಡಬ್ಬಿ, ಇನ್ನೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಿಡಿದು ಸ್ವಾರ್‌ಗೇಟಿನಲ್ಲಿ ಇಳಿದಳು.

ಪುಣೆಯಲ್ಲಿ ಏನು ನೋಡುತ್ತೀ ಎಂದು ನಮ್ಮವರು ಕೇಳಿದರು. ಶನಿವಾರವಾಡಾ ಬೇಡ, ಪರ್ವತಿ ಬೇಡ, "ವೈರಸ್ ಆಫೀಸು" ನೋಡಬೇಕೆಂದಳು! ನಮಗೆ ಅದು ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಡಾ. ಅಂಬೇಡ್ಕರ್ ರಸ್ತೆಯಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆ. ಕೊರೋನಾ ಕಾಲದಲ್ಲಿ ನೀವೆಲ್ಲ ಅದರ ಹೆಸರು ಕೇಳಿದಿರಿ. ಅದು 1952ರಲ್ಲಿ ವೈರಸ್ ರಿಸರ್ಚ್ ಸೆಂಟರ್ ಎಂಬ ಹೆಸರಿನಲ್ಲಿ ಶುರುವಾದದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಊರುಗಳಲ್ಲಿ ಜನ ವಿಚಿತ್ರ ಜ್ವರದಿಂದ ಸತ್ತಾಗ, ಅದು ಹೊಸ ವೈರಸ್ಸು ಎಂದು ಕಂಡುಹಿಡಿದವರು ಈ ಸಂಸ್ಥೆಯವರು. ಲೋಕದ ಪುಸ್ತಕಗಳಲ್ಲಿ ಅದರ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ನಮ್ಮ ಜನಕ್ಕೆ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ತನಕ, ತೋಟದ ಗೊಬ್ಬರಕ್ಕೆಂದು ಬೆಟ್ಟದಲ್ಲಿ ಸೊಪ್ಪು, ಒಣ ಎಲೆ ತರಲು ಹೋದವರಿಗೆ ಕಚ್ಚುತ್ತದೆ. ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ನೂರು ರೋಗಿಗಳಲ್ಲಿ ಮೂವರಿಂದ ಐವರು ಉಳಿಯುವುದಿಲ್ಲ. ಚಿಕ್ಕಮ್ಮ ಮನೆ ಮನೆಗೆ ಡಿ.ಎಂ.ಪಿ. ಎಣ್ಣೆ ಹಂಚಿ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮೀಯಿರಿ, ಸತ್ತ ಮಂಗ ಕಂಡರೆ ಮುಟ್ಟದೆ ಬಂದು ಹೇಳಿ ಎಂದು ಸಾರುತ್ತಿದ್ದಳು. ಅವಳ ಸ್ವಂತ ಆಳುಗಳೂ ಅದೇ ಬೆಟ್ಟಕ್ಕೆ ಸೊಪ್ಪಿಗೆ ಹೋಗುವವರು. ಎಣ್ಣೆ ಹಚ್ಚದವರಿಗೆ ಅವಳ ಅಂಗಳದಲ್ಲಿ ಕಾಫಿ ಇಲ್ಲ!

ರಿಕ್ಷಾದಲ್ಲಿ ಹೋದೆವು. ಒಳಗೆ ಬಿಡುವಂತಿರಲಿಲ್ಲ. ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತಳು. "ನಮ್ಮ ಊರಿನ ಕಾಯಿಲೆಗೆ ಹೆಸರು ಇಟ್ಟ ಜಾಗ" ಎಂದಳು. ಆಮೇಲೆ ಮನೆಗೆ ಹೋಗೋಣ ಎಂದಳು. ಆ ಕಾಯಿಲೆ ಇನ್ನೂ ಹೋಗಿಲ್ಲ, ಮಕ್ಕಳೇ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಜೀವಗಳನ್ನು ತೆಗೆದುಕೊಂಡಿತು.

ಆಸ್ಪತ್ರೆಗೆ ಸೇರಿದ ದಿನ ನಮ್ಮವರ ಕಡೆಯ ಬಂಧುಗಳು ನೋಡಲು ಬಂದರು. ಒಬ್ಬರು ಚಿಕ್ಕಮ್ಮನನ್ನು ತೋರಿಸಿ ಇವರು ಏನು ಮಾಡುತ್ತಾರೆ ಎಂದು ಕೇಳಿದರು. ನಾನು ಅವಸರದಲ್ಲಿ "ಹೆಲ್ತ್ ಡಿಪಾರ್ಟ್‌ಮೆಂಟಿನಲ್ಲಿ ಆಫೀಸರು" ಎಂದುಬಿಟ್ಟೆ. ನಾಲ್ಕು ಮಂದಿಯ ಮುಂದೆ ನರ್ಸಮ್ಮ ಎನ್ನಲು ನಾಲಗೆ ಏಳಲಿಲ್ಲ. ಚಿಕ್ಕಮ್ಮ ಕೇಳಿಸಿಕೊಂಡಳು. ಏನೂ ಅನ್ನದೆ ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು.

ಆ ರಾತ್ರಿ ಮಗಳು ಹುಟ್ಟಿದಳು. ನನ್ನನ್ನು ಕೋಣೆಗೆ ತಂದು ಮಲಗಿಸಿ, ದೀಪ ಆರಿಸಿ, ಎಲ್ಲರೂ ಹೋದರು. ನನಗೆ ಹಿತವಾಗಿ ನಿದ್ದೆ ಎಳೆಯುವಂತಿತ್ತು, ಎಲ್ಲವೂ ದೂರ ದೂರ ಹೋಗುವಂತೆ. ನೆಲದ ಮೇಲೆ ಮಲಗಿದ್ದ ಚಿಕ್ಕಮ್ಮ ಯಾಕೋ ಎದ್ದವಳು ನನ್ನ ಮುಖ ನೋಡಿದಳು, ಹೊದಿಕೆ ಎತ್ತಿದಳು. ಮರುಕ್ಷಣ ಅವಳ ಕೈ ನನ್ನ ಕಿಬ್ಬೊಟ್ಟೆಯ ಮೇಲಿತ್ತು. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗಿ ತೆಂಗಿನಕಾಯಿಯಂತೆ ಗಟ್ಟಿಯಾಗಬೇಕು. ಆಗಲೇ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುವುದು. ನನ್ನದು ಕಲಸಿದ ಹಿಟ್ಟಿನಂತೆ ಮೆತ್ತಗಿತ್ತಂತೆ, ಹಾಸಿಗೆ ತೊಯ್ದುಹೋಗಿತ್ತು. ಅವಳು ಒಂದು ಕೈಯಿಂದ ಬಲವಾಗಿ ಉಜ್ಜುತ್ತಾ, ಇನ್ನೊಂದು ಕೈಯಿಂದ ಮಗುವನ್ನು ಎತ್ತಿ ನನ್ನ ಎದೆಗೆ ಹಚ್ಚಿ, ಆಸ್ಪತ್ರೆ ಅದುರುವಂತೆ ಕನ್ನಡದಲ್ಲಿ ಕೂಗಿದಳು. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ. ನರ್ಸು ಓಡಿ ಬಂದರು, ಡಾಕ್ಟರು ಬಂದರು, ಇಂಜೆಕ್ಷನ್, ಡ್ರಿಪ್. ಡಾಕ್ಟರು ಅವಳ ಕೈಯನ್ನು ನೋಡಿ ಏನೋ ಕೇಳಿದರು. ನಮ್ಮವರು ತರ್ಜುಮೆ ಮಾಡಿದರು, "ನೀವು ನರ್ಸಾ ಅಂತ ಕೇಳ್ತಿದ್ದಾರೆ."

"ಹೌದು, ಎ.ಎನ್.ಎಂ." ಎಂದಳು ಚಿಕ್ಕಮ್ಮ.

ಬೆಳಗಿನ ಜಾವದವರೆಗೂ ಕೈ ತೆಗೆಯಲಿಲ್ಲ. ನನಗೆ ಎಚ್ಚರ ತಪ್ಪದಿರಲೆಂದೋ ಏನೋ ಆಗ ಆ ಕಥೆ ಹೇಳಿದಳು. ಒಂದೇ ಸಲ ಹೇಳಿದ್ದು, ಆ ಮೇಲೆ ಎಂದೂ ಹೇಳಲಿಲ್ಲ.

1974ರ ಆಷಾಢ. ಹೊರಗೆ ಜಡಿಮಳೆ. ನಾಲ್ಕನೆಯ ಹೆರಿಗೆಯ ಹೆಂಗಸು. ಸಂಜೆ ಮಗು ಸುಖವಾಗಿ ಹುಟ್ಟಿತು, ಮಾಸೂ ಬಿತ್ತು, ಆದರೆ ರಕ್ತ ನಿಲ್ಲಲಿಲ್ಲ. ಅವಳ ಬ್ಯಾಗಿನಲ್ಲಿದ್ದ ಔಷಧಿ ಮುಗಿಯಿತು. ಡಾಕ್ಟರು ಇರುವುದು ಆಚೆ ದಡದಲ್ಲಿ. ಲಾಂಚು ನಿಂತಾಗಿತ್ತು. ದೋಣಿಯವನನ್ನು ಎಬ್ಬಿಸಿ, ಕಂಬಳಿಯಲ್ಲಿ ಹೊತ್ತು ತಂದು ದೋಣಿಯಲ್ಲಿ ಮಲಗಿಸಿದರು. ಒಂದು ಲಾಟೀನು, ಅದೂ ಗಾಳಿಗೆ ಆರಿತು. ಚಿಕ್ಕಮ್ಮ ದಾರಿಯುದ್ದಕ್ಕೂ ಹೀಗೆಯೇ ಹೊಟ್ಟೆಯ ಮೇಲೆ ಕೈ ಒತ್ತಿ ಕೂತಿದ್ದಳು. "ಅರ್ಧ ದಾರಿಯಲ್ಲಿ ಅವಳ ಕಾಲು ತಣ್ಣಗಾಯಿತು. ಹುಟ್ಟು ಹಾಕುತ್ತಿದ್ದವರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವನ ಕೈ ಸೋಲುತ್ತಿತ್ತು. ಗಂಡನೇ ಒಂದು ಹುಟ್ಟು ಹಿಡಿದಿದ್ದ" ಎಂದಳು.

ಆ ಮಗು ಬದುಕಿತು. ಅವನು ಈಗ ಐವತ್ತು ದಾಟಿದ ಗಂಡಸು. ವರ್ಷಾಂತಿಕದ ಹಿಂದಿನ ದಿನ ಚಪ್ಪರ ಹಾಕಿದ್ದು ಅವನೇ.

ಆ ರಾತ್ರಿಯಿಂದಾಚೆ ಚಿಕ್ಕಮ್ಮ ಒಂದು ಲೆಕ್ಕ ಶುರು ಮಾಡಿದಳು. ಹಿಂದಿನ ಹೆರಿಗೆಯಲ್ಲಿ ರಕ್ತ ಹೋದವರು, ನಾಲ್ಕಕ್ಕಿಂತ ಹೆಚ್ಚು ಹೆತ್ತವರು, ಕಾಲು ಮುಖ ಊದಿದವರು, ತೀರ ಗಿಡ್ಡ ಇರುವವರು, ಅವಳಿ ಇರಬಹುದೆಂದು ಅನುಮಾನ ಇರುವವರು. ಇಂಥವರನ್ನು ದಿನ ತುಂಬುವುದಕ್ಕೆ ಹದಿನೈದು ದಿನ ಮೊದಲೇ, ಹಗಲು ಬೆಳಕಿನಲ್ಲಿ, ಲಾಂಚು ಹತ್ತಿಸಿ ಸಾಗರಕ್ಕೆ ಕಳಿಸುವುದು. ನೆಂಟರಿದ್ದವರು ನೆಂಟರ ಮನೆಗೆ. ಯಾರೂ ಇಲ್ಲದವರು ನಮ್ಮ ಮನೆಯ ಜಗಲಿ ಕೋಣೆಗೆ. ನಾನು ಸಿಟ್ಟಿನಿಂದ ಪುಸ್ತಕ ಎತ್ತಿಕೊಂಡು ಹೋದ ಕೋಣೆಗೆ.

ಚಿಕ್ಕಮ್ಮ 2002ರಲ್ಲಿ ನಿವೃತ್ತಳಾದಳು. ಆಮೇಲೆ ಕಾಲ ಬದಲಾಯಿತು. 2005ರಲ್ಲಿ ಆಶಾ ಕಾರ್ಯಕರ್ತೆಯರ ಯೋಜನ ಬಂತು, 2008ರಲ್ಲಿ ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂತು. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ತೊಂಬತ್ತೇಳು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಈಗ ಆಂಬುಲೆನ್ಸಿಗೆ ಲಾಂಚು ಕಾಯುವ ಕೆಲಸವೂ ಇಲ್ಲ.

ವರ್ಷಾಂತಿಕದ ಊಟ ಮುಗಿದ ಮೇಲೆ ಚಿಕ್ಕಪ್ಪ ಮೆತ್ತಿನಿಂದ ಒಂದು ಟ್ರಂಕು ಇಳಿಸಿದರು. ಸರ್ಕಾರದ ರಿಜಿಸ್ಟರುಗಳೆಲ್ಲ ಆಫೀಸಿಗೆ ಹೋಗಿವೆ. ಇದು ಅವಳ ಸ್ವಂತದ್ದು, ಇನ್ನೂರು ಪುಟದ ನೋಟುಬುಕ್ಕು. ನನ್ನ ಮಗಳು ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ಕಲಿತ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಹೆಸರು, ದಿನ ತುಂಬುವ ತಾರೀಕು, ದಾಟಿದ ತಾರೀಕು, ಉಳಿದ ಮನೆ, ಫಲ. ಮೊದಲ ಸಾಲಿನಲ್ಲಿ 1974ರ ಒಂದು ಹೆಸರು. ದಾಟಿದ ತಾರೀಕಿನ ಜಾಗದಲ್ಲಿ ಬರೀ ಒಂದು ಗೀಟು. ಅದರ ಕೆಳಗೆ ಪುಟದಿಂದ ಪುಟಕ್ಕೆ ಹೆಸರುಗಳು, ಕೆಂಪು ಶಾಯಿಯಲ್ಲಿ.

"ಅಮ್ಮಾ, ಉಳಿದ ಮನೆ ಅಂತ ಇರುವ ಕಡೆ ತುಂಬಾ ಸಲ ‘ಅಕ್ಕನ ಮನೆ’ ಅಂತ ಇದೆ."

"ಅದು ನಮ್ಮ ಮನೆ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಅವಳ ಬೆರಳು ಒಂದು ಕಡೆ ನಿಂತಿತು. 1994, ಜನವರಿ. ನನ್ನ ಹೆಸರು. ಉಳಿದ ಮನೆ, ಪುಣೆ. ಫಲ, "ಹೆಣ್ಣು ಮಗು. ರಕ್ತಸ್ರಾವ. ಇಬ್ಬರೂ ಕ್ಷೇಮ." ನನ್ನ ಹೆಸರೂ ಆ ಹೊಳೆಯಾಚೆಯ ಹೆಂಗಸರ ಸಾಲಿನಲ್ಲೇ ಇತ್ತು, ಬೇರೆ ಪುಟದಲ್ಲಿ ಅಲ್ಲ. ನಾನು ಆಫೀಸರು ಎಂದು ಹೇಳಿದ್ದಕ್ಕೆ ಅವಳ ಹತ್ತಿರ ಒಂದು ದಿನವೂ ತಪ್ಪಾಯಿತು ಎಂದು ಹೇಳಲಿಲ್ಲ. ಮೂವತ್ತು ವರ್ಷ ಸಮಯವಿತ್ತು. ಹೇಳಲಿಲ್ಲ.

ವಾಪಸು ಬರುವಾಗ ಸಂಜೆಯಾಗಿತ್ತು. ಮಗಳು ಸೇತುವೆ ಹತ್ತುವ ಮೊದಲು ತಾನಾಗಿಯೇ ಕಾರು ತಿರುಗಿಸಿ, ಹಿಂದೆ ಲಾಂಚು ನಿಲ್ಲುತ್ತಿದ್ದ ದಡಕ್ಕೆ ಇಳಿಸಿದಳು. ಇಬ್ಬರೂ ಕಲ್ಲಿನ ಮೇಲೆ ಕೂತೆವು. ಕತ್ತಲಾಗುವವರೆಗೂ ಅವಳು ಏಳಲಿಲ್ಲ. ಆಚೆ ದಡ ಕಾಣದಂತಾದ ಮೇಲೆ, "ತುಂಬಾ ದೂರ ಇದೆ ಅಲ್ವಾ" ಎಂದಳು.

ಮಕ್ಕಳೇ, ನಿಮ್ಮ ಮನೆಗಳಲ್ಲೂ ಇಂಥ ಒಬ್ಬ ಚಿಕ್ಕಮ್ಮನೋ ದೊಡ್ಡಮ್ಮನೋ ಸೋದರತ್ತೆಯೋ ಇದ್ದೇ ಇರುತ್ತಾಳೆ. ನರ್ಸಮ್ಮನಾಗಿ, ಟೀಚರಮ್ಮನಾಗಿ, ಅಂಗನವಾಡಿಯಲ್ಲಿ, ಪೋಸ್ಟಾಫೀಸಿನಲ್ಲಿ ದುಡಿದು, ಮನೆಗೆ ಬಂದು ದನ ಕರೆದವಳು. ಊರಿಗೆ ಹೋದಾಗ ದೇವಸ್ಥಾನ, ಜಲಪಾತ ಎಲ್ಲ ನೋಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಒಂದು ಮಧ್ಯಾಹ್ನ ಅವಳ ಹತ್ತಿರ ಕೂತು, "ನೀನು ಏನು ಕೆಲಸ ಮಾಡುತ್ತಿದ್ದೆ, ಹೇಗೆ ಮಾಡುತ್ತಿದ್ದೆ?" ಎಂದು ಕೇಳಿ. ಕನ್ನಡ ತಡವರಿಸಿದರೂ ಚಿಂತೆಯಿಲ್ಲ. ಯಾರಾದರೂ ನಾಲ್ಕು ಮಂದಿಯ ಮುಂದೆ ಅವಳು ಯಾರು ಎಂದು ಕೇಳಿದರೆ, ಅವಳ ಕೆಲಸದ ಹೆಸರನ್ನು ಇದ್ದ ಹಾಗೆಯೇ ಹೇಳಿ.

ನನ್ನ ಚಿಕ್ಕಮ್ಮ ಎ.ಎನ್.ಎಂ. ಆಗಿದ್ದಳು. ಹೊಳೆಯಾಚೆಯ ನರ್ಸಮ್ಮ.